ಚಕ್ಕಡಿ ಗಾಲಿಯಿಂದ 140 ಟೈರಿನವರೆಗೆ: ಬೈಕಿನ ಟೈರ್ ಅಳತೆಯ ಕಥೆ

ಇವತ್ತಿನ ಸಂಚಿಕೆ ಗಾಲಿಯ ಬಗ್ಗೆ. ಅದರಲ್ಲೂ ಸ್ಪೋರ್ಟ್ಸ್ ಬೈಕಿನ ಹಿಂದಿನ ಗಾಲಿಗೆ ಎಷ್ಟು ದಪ್ಪದ ಟೈರ್ ಹಾಕಬೇಕು ಅನ್ನೋ ಪ್ರಶ್ನೆಯ ಬಗ್ಗೆ. ಇದರಲ್ಲೇನು ಇತಿಹಾಸ ಇದೆ ಅಂತ ನೀವು ಕೇಳಬಹುದು. ಇದೆ, ಹೇಳ್ತೀನಿ.

ಹೋದ ತಿಂಗಳು ಅಕ್ಕನ ಮಗನ ಜೊತೆ ಶಿಗ್ಗಾಂವಿಗೆ ಹೋಗಿದ್ದೆ. ಹುಡುಗ ಹಾನಗಲ್‌ನಲ್ಲಿ ಡಿಗ್ರಿ ಓದ್ತಾ ಇದಾನೆ. ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ತಗೊಂಡಿದಾನೆ, 2008ರಲ್ಲಿ ಬಂತಲ್ಲ, ಆ ಮೊದಲ ಮಾಡೆಲ್. ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಹೆದ್ದಾರಿ ಬದಿಯ ಟೈರ್ ಅಂಗಡಿ ಮುಂದೆ ಬೈಕ್ ನಿಲ್ಲಿಸಿದವನೇ, ‘ಮಾಮಾ, ಕಂಪನಿ ಟಾಯರ್ ಭಾಳ ಸಣ್ಣ ಐತಿ, ನೋಡಾಕ ಚಲೋ ಕಾಣಂಗಿಲ್ಲ. 140 ಹಾಕಸೂಣು’ ಅಂದ. ಅಂಗಡಿಯ ಕಾಕಾ ನನ್ನ ಮುಖ ನೋಡಿದ್ರು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಯಾಕಂದ್ರೆ 2013ರಲ್ಲಿ ಇಂಥದ್ದೇ ಮಾತನ್ನ ನಾನು ಇನ್ನೊಂದು ಅಂಗಡಿ ಮುಂದೆ ನಿಂತು ಹೇಳಿದ್ದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಹಾನಗಲ್, ಸವಣೂರು, ಹಿರೇಕೆರೂರು ಕಡೆ ಬೈಕಿಗಿಂತ ಮೊದಲು ಗಾಲಿ ಅಂದ್ರೆ ಚಕ್ಕಡಿ ಗಾಲಿ. ಕಟ್ಟಿಗೆಯ ದೊಡ್ಡ ಗಾಲಿ, ಅದರ ಸುತ್ತ ಕಾಯಿಸಿ ಕೂಡಿಸಿದ ಕಬ್ಬಿಣದ ಪಟ್ಟಿ. ಗಾಲಿ ಎತ್ತರ ಇರೋದ್ರಿಂದ ಕೊರಕಲು, ಬದು ದಾಟೋದು ಸುಲಭ. ಆದ್ರೆ ಆ ಕಿರಿದಾದ ಪಟ್ಟಿ ರಸ್ತೆಯನ್ನ ಕೊರೀತಿತ್ತು, ಎತ್ತಿನ ಹೆಗಲಿಗೂ ಭಾರ ಆಗ್ತಿತ್ತು. 1888ರಲ್ಲಿ ಬೆಲ್‌ಫಾಸ್ಟ್‌ನ ಜಾನ್ ಬಾಯ್ಡ್ ಡನ್ಲಪ್ ಅನ್ನೋರು ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರ್ ಮಾಡಿಕೊಟ್ರು. ಅವರು ವೃತ್ತಿಯಿಂದ ದನದ ಡಾಕ್ಟರು. ಆ ಡಾಕ್ಟರ ಹೆಸರೇ ಮುಂದೆ ನಮ್ಮ ಎತ್ತಿನ ಗಾಡಿಗೂ ಬಂತು ನೋಡಿ. ರಬ್ಬರ್ ಟೈರಿನ ಗಾಡಿಗೆ ಜನ ಡನ್ಲಪ್ ಗಾಡಿ ಅಂತಲೇ ಕರೆದ್ರು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿ ಸುಧಾರಿಸಬೇಕು ಅಂತ ವರ್ಷಗಟ್ಟಲೆ ಓಡಾಡಿದ್ರು. ಗಾಡಿಗೆ ಯಾವ ಗಾಲಿ ಅನ್ನೋದನ್ನ ಆಗ ಮೂರು ಸಂಗತಿ ತೀರ್ಮಾನ ಮಾಡ್ತಿದ್ವು: ಹೇರುವ ಭಾರ, ಹೋಗುವ ದಾರಿ, ಎಳೆಯುವ ಎತ್ತು.

ಇನ್ನು ಬೈಕಿಗೆ ಬರೋಣ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸೋಕೆ ಶುರು ಮಾಡ್ತು. ಆ ಜಾವಾ 250ಕ್ಕೆ ಹಿಂದೆ ಮುಂದೆ ಎರಡೂ ಕಡೆ 3.25-16 ಅಳತೆಯ ಟೈರು. ಅಂದ್ರೆ ಮೂರೂಕಾಲು ಇಂಚು ಅಗಲ, 16 ಇಂಚಿನ ರಿಮ್ಮು. ಮುಂದೆ ಯೆಜ್ದಿ ರೋಡ್‌ಕಿಂಗ್ ಹೊತ್ತಿಗೆ ಗಾಲಿ 18 ಇಂಚಿಗೆ ಏರಿತು. ಗುಂಡಿ ಬಿದ್ದ ರಸ್ತೆಗೆ ದೊಡ್ಡ ಗಾಲಿ ವಾಸಿ. ಚಕ್ಕಡಿಯ ಲೆಕ್ಕವೇ ಇಲ್ಲೂ ನಡೀತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ನೆನಪಿದೆಯಲ್ಲ? ನಮ್ಮ ಕಡೆ ಮದುವೆ ಮಾತುಕತೆಯಲ್ಲೂ ಅದರ ಹೆಸರು ಬರ್ತಿತ್ತು. ಅದರ ಮುಂದಿನ ಟೈರು 2.50-18, ಹಿಂದಿನದು 2.75-18. ಎರಡೂಮುಕ್ಕಾಲು ಇಂಚು ಅಂದ್ರೆ 70 ಮಿಲಿಮೀಟರು. ಆ ಟೈರಿನ ಮೇಲೇ ಒಂದು ಇಡೀ ತಲೆಮಾರು ರೇಸ್ ಹೊಡೀತು.

ಹಾಗಾದ್ರೆ ದಪ್ಪ ಟೈರು ಎಲ್ಲಿಂದ ಬಂತು? ರೇಸ್ ಟ್ರ್ಯಾಕಿಂದ. ಎಂಜಿನ್ ಶಕ್ತಿ ಏರ್ತಾ ಹೋದ ಹಾಗೆ, ತಿರುವಿನಲ್ಲಿ ಬೈಕ್ ವಾಲಿದಾಗ ನೆಲ ಕಚ್ಚೋಕೆ ಹೆಚ್ಚು ರಬ್ಬರ್ ಬೇಕಾಯ್ತು. ಟೈರ್ ಬಿಸಿ ತಡೀಬೇಕಾಯ್ತು. 1980ರ ದಶಕದಲ್ಲಿ ರೇಡಿಯಲ್ ಟೈರುಗಳು ಬಂದ್ವು. ಗಾಲಿಯ ಅಳತೆಯೂ ಆ ದಶಕದಲ್ಲಿ ಅತ್ತಿತ್ತ ಹೊಯ್ದಾಡ್ತು. ಸುಜುಕಿ ಜಿಎಸ್‌ಎಕ್ಸ್-ಆರ್ 750 ಬೈಕು 1985ರಲ್ಲಿ 18 ಇಂಚಿನ ಗಾಲಿಯಲ್ಲಿ ಬಂತು, 1988ಕ್ಕೆ 17 ಇಂಚಿಗೆ ಇಳೀತು. ಆಮೇಲೆ ಸ್ಪೋರ್ಟ್ಸ್ ಬೈಕ್ ಅಂದ್ರೆ 17 ಇಂಚು ಅಂತಲೇ ಆಯ್ತು. ನೂರಕ್ಕೂ ಮೇಲೆ ಕುದುರೆಶಕ್ತಿ ಇರೋ 600 ಸಿಸಿ ಬೈಕಿಗೆ 180 ಮಿಲಿಮೀಟರ್ ಅಗಲದ ಹಿಂದಿನ ಟೈರು. ಅಲ್ಲಿ ಅದಕ್ಕೆ ಕಾರಣ ಇತ್ತು.

ನಮ್ಮಲ್ಲಿ ಏನಾಯ್ತು ಅಂತ ನೋಡಿ. ಹೀರೋ ಹೋಂಡಾ ಸಿಬಿಜೆಡ್, ಆಮೇಲೆ 2001ರ ಪಲ್ಸರ್ 150, ಎರಡಕ್ಕೂ ಹಿಂದಿನ ಟೈರ್ 100/90-18. 2008ರಲ್ಲಿ ಯಮಹಾ ಎರಡು ಬೈಕ್ ತಂತು. ಎಫ್‌ಜೆಡ್ 16ಕ್ಕೆ ಸುಮಾರು 14 ಕುದುರೆಶಕ್ತಿ, ಹಿಂದಿನ ಟೈರು 140/60 ಆರ್ 17. ಆರ್15ಕ್ಕೆ ಸುಮಾರು 17 ಕುದುರೆಶಕ್ತಿ, ಹಿಂದಿನ ಟೈರು 100/80-17. ಒಂದೇ ಕಂಪನಿ, ಒಂದೇ ವರ್ಷ. ಜಾಸ್ತಿ ಓಡೋ ಬೈಕಿಗೆ ತೆಳು ಟೈರು, ಕಡಿಮೆ ಓಡೋದಕ್ಕೆ ದಪ್ಪ ಟೈರು! ತೆಳುವಾದ ಟೈರಿನಿಂದ ಆರ್15 ಹಗುರವಾಗಿ ತಿರುಗ್ತಿತ್ತು. ಆದ್ರೆ ಹುಡುಗರ ಕಣ್ಣು ಹೋಗಿದ್ದು ಎಫ್‌ಜೆಡ್‌ನ ಹಿಂಭಾಗದ ಮೇಲೆ. ಊರೂರಿನ ಟೈರ್ ಅಂಗಡಿಗಳಲ್ಲಿ ‘ದಪ್ಪಂದು ಹಾಕ್ರಿ’ ಅನ್ನೋ ಮಾತು ಆವಾಗ ಜೋರಾಯ್ತು.

2011ರ ಎರಡನೇ ಆರ್15ಕ್ಕೆ 130/70 ಆರ್ 17 ಬಂತು, 2018ರ ಮೂರನೇದಕ್ಕೆ 140/70 ಆರ್ 17. ಇಲ್ಲಿ ಒಂದು ಮಾತು ಗಮನಿಸಬೇಕು. 2011ರಲ್ಲಿ ಟೈರ್ ಅಗಲ ಮಾಡಿದಾಗ ಕಂಪನಿ ರಿಮ್ಮನ್ನೂ ಅಗಲ ಮಾಡ್ತು, ಹಿಂದಿನ ಗಾಲಿ ಹಿಡಿಯೋ ಸ್ವಿಂಗ್ ಆರ್ಮ್ ಅನ್ನೂ ಉದ್ದ ಮಾಡಿ ಬದಲಿಸ್ತು. ನಾವು ಅಂಗಡಿಯಲ್ಲಿ ಬದಲಿಸೋದು ಬರೀ ಟೈರು.

ಈಗ ನನ್ನ ಕಥೆ. 2013ರಲ್ಲಿ ನನ್ನ 150 ಸಿಸಿ ಬೈಕಿಗೆ ಹಟ ಹಿಡಿದು 130ರ ಟೈರ್ ಹಾಕಿಸಿದೆ. ಚೈನ್ ಕವರಿಗೆ ತಾಗ್ತಿತ್ತು, ಅದನ್ನ ಸ್ವಲ್ಪ ಬಗ್ಗಿಸಿ ಕೊಟ್ರು. ನೋಡೋಕೆ ಭಾರಿ ಕಾಣ್ತಿತ್ತು, ಸುಳ್ಳು ಹೇಳಲ್ಲ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಅಕ್ಕಿಆಲೂರಿಂದ ಹಾನಗಲ್ ಕಡೆ ಬರ್ತಿದ್ವಿ, ಹಿಂದೆ ಗೆಳೆಯ ಕೂತಿದ್ದ. ಹೊಲದಿಂದ ಟ್ರ್ಯಾಕ್ಟರ್ ಹತ್ತಿದ ಜಾಗದಲ್ಲಿ ಡಾಂಬರಿನ ಮೇಲೆ ಕೆಸರು ಮೆತ್ತಿಕೊಂಡಿತ್ತು. ತಿರುವಿನಲ್ಲಿ ಬೈಕ್ ವಾಲಿಸಿದೆ, ಹಿಂದಿನ ಗಾಲಿ ಜಾರಿಹೋಯ್ತು. ನನಗೆ ತರಚು ಗಾಯ. ಅವನ ಕಾಲು ಮುರೀತು, ರಾಡ್ ಹಾಕಿದ್ರು, ಆ ವರ್ಷದ ಬಿತ್ತನೆ ಅವನ ಕೈತಪ್ಪಿತು. ತಪ್ಪೆಲ್ಲ ಟೈರಿನದೇ ಅನ್ನಲ್ಲ. ಕೆಸರಿತ್ತು, ನನ್ನ ಅವಸರವೂ ಇತ್ತು. ಆದ್ರೆ ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದ್ರೆ ಅದರ ಎರಡೂ ಅಂಚು ಒಳಕ್ಕೆ ಒತ್ತಿ, ನಡುವೆ ಉಬ್ಬಿ, ಟೈರಿನ ಆಕಾರವೇ ಕೆಡುತ್ತೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಾನು ದುಡ್ಡು ಕೊಟ್ಟ ಆ ಹೆಚ್ಚಿನ ಅಗಲ, ಬೈಕ್ ವಾಲಿದಾಗ ಸರಿಯಾಗಿ ನೆಲ ಮುಟ್ಟೋದೇ ಇಲ್ಲ. ಗೆಳೆಯ ಇವತ್ತಿಗೂ ಕಾಲು ಸ್ವಲ್ಪ ಎಳೆದೇ ನಡೀತಾನೆ. ‘ಬಿಡಲೇ, ಆಗಿದ್ದು ಆತು’ ಅಂತಾನೆ. ನನಗೆ ಬಿಡೋಕೆ ಆಗಿಲ್ಲ.

ಶಿಗ್ಗಾಂವಿಯ ಅಂಗಡಿಯಲ್ಲಿ ಅಳಿಯನನ್ನ ಕೂರಿಸಿಕೊಂಡು ಒಂದು ಹಾಳೆ ಮೇಲೆ ಲೆಕ್ಕ ಹಾಕಿದ್ವಿ. ನೀವೂ ಹಾಕಿ ನೋಡಿ. 100/80-17 ಅಂದ್ರೆ ಅಗಲ 100 ಮಿಲಿಮೀಟರು, ಟೈರಿನ ಪಕ್ಕದ ಎತ್ತರ ಅದರ ಶೇಕಡ 80, ಅಂದ್ರೆ 80 ಮಿಲಿಮೀಟರು. 17 ಇಂಚಿನ ರಿಮ್ಮು ಸುಮಾರು 432. ಮೇಲೊಂದು 80, ಕೆಳಗೊಂದು 80 ಕೂಡಿಸಿದ್ರೆ ಗಾಲಿಯ ಒಟ್ಟು ಎತ್ತರ 592. 140/70ಕ್ಕೆ ಪಕ್ಕದ ಎತ್ತರ 98, ಒಟ್ಟು 628. ಹಿಂಭಾಗ 18 ಮಿಲಿಮೀಟರ್ ಮೇಲೇಳುತ್ತೆ. ಗಾಲಿ ಒಂದು ಸುತ್ತು ತಿರುಗಿದ್ರೆ 11 ಸೆಂಟಿಮೀಟರ್ ಹೆಚ್ಚು ದೂರ ಹೋಗುತ್ತೆ, ಅಂದ್ರೆ ಶೇಕಡ 6. ಅಷ್ಟೂ ಭಾರ ಎಂಜಿನ್ ಮೇಲೆ. ಪಿಕಪ್ ಸತ್ತುಹೋಗುತ್ತೆ.

‘ಪಿಕಪ್ ಹೊಕ್ಕತಿ’ ಅಂದಾಗ ಮಾತ್ರ ಹುಡುಗ ತಲೆ ಎತ್ತಿ ನೋಡಿದ.

ಕಾಕಾ ಟೇಪ್ ತಂದು ರಿಮ್ ಅಳೆದು ತೋರಿಸಿದ್ರು. 140/70 ಟೈರು ಸರಿಯಾಗಿ ಕೂಡೋಕೆ ಸುಮಾರು ನಾಲ್ಕು ಇಂಚಿನ ರಿಮ್ ಬೇಕು. ಇದು ಅದರ ಹತ್ತಿರಕ್ಕೂ ಇರಲಿಲ್ಲ. ‘140 ಮಾರಿದ್ರ ನನಗ ಲಾಭ ಜಾಸ್ತಿ ತಮ್ಮಾ’ ಅಂದ್ರು ಕಾಕಾ, ‘ಆದ್ರ ನೀ ಇಲ್ಲಿಂದ ಹಾನಗಲ್ಲ ಮುಟ್ಟೂಮಟಾ ನನಗ ಸಮಾಧಾನ ಇರಂಗಿಲ್ಲ.’

ಅಂಗಡಿಗೆ ಹೋಗೋ ಮೊದಲು ನೀವು ನೋಡಬೇಕಾದ್ದು ಇಷ್ಟು. ಬೈಕಿನ ಪುಸ್ತಕದಲ್ಲಿ ಅಥವಾ ಚೈನ್ ಹತ್ತಿರದ ಸ್ಟಿಕರ್‌ನಲ್ಲಿ ಅಳತೆ, ಗಾಳಿಯ ಒತ್ತಡ ಎರಡೂ ಬರೆದಿರುತ್ತೆ. ಅಳತೆಯ ಪಕ್ಕದಲ್ಲಿ ‘63ಪಿ’ ಥರದ ಒಂದು ಗುರುತು ಇರುತ್ತೆ. 63 ಅಂದ್ರೆ ಆ ಟೈರು 272 ಕೆಜಿ ಹೊರುತ್ತೆ, ಪಿ ಅಂದ್ರೆ ಗಂಟೆಗೆ 150 ಕಿಲೋಮೀಟರ್ ವೇಗ ತಡೆಯುತ್ತೆ. ಹೊಸ ಟೈರಿನ ಗುರುತು ಹಳೇದಕ್ಕಿಂತ ಕಡಿಮೆ ಇರಬಾರದು. ನಾಲ್ಕು ಅಂಕಿಯ ಇನ್ನೊಂದು ಗುರುತು ತಯಾರಾದ ದಿನದ್ದು: 2324 ಅಂದ್ರೆ 2024ರ 23ನೇ ವಾರ. ಒಳ್ಳೆ ಹಿಡಿತ ಬೇಕಾದ್ರೆ ಅದೇ ಅಳತೆಯಲ್ಲಿ ಮೆತ್ತನೆ ರಬ್ಬರಿನ, ಒಳ್ಳೆ ಗುಣಮಟ್ಟದ ಟೈರ್ ಕೇಳಿ. ಹೆದ್ದಾರಿ ಬಿಟ್ಟು ನಮ್ಮ ಊರ ದಾರಿ ಹಿಡಿದ್ರೆ ಎರೆಮಣ್ಣಿದೆ, ಸುಗ್ಗಿಯಲ್ಲಿ ಡಾಂಬರಿನ ಮೇಲೇ ಒಣಹಾಕಿದ ಗೋವಿನಜೋಳ ಇದೆ. ಅಲ್ಲಿ ಅಗಲಕ್ಕಿಂತ ಟೈರಿನ ಗೀರುಗಳಲ್ಲಿ ಎಷ್ಟು ಆಳ ಉಳಿದಿದೆ ಅನ್ನೋದು ಮುಖ್ಯ.

ಕೊನೆಗೆ 100/80 ಟೈರನ್ನೇ ಹಾಕಿಸಿದ್ವಿ. ಹುಡುಗ ಮುಖ ಊದಿಸಿಕೊಂಡೇ ಹೆಲ್ಮೆಟ್ ಹಾಕ್ಕೊಂಡ. ಬೈಕ್ ಚಾಲೂ ಮಾಡಿ ನನ್ನ ಕಡೆ ತಿರುಗಿ, ‘ಮಾಮಾ, ರೊಕ್ಕ ಕೂಡಿಸಿ ಮೂರನೇ ಮಾಡೆಲ್ ತಗೋತೀನಿ. ಅದಕ್ಕ ಕಂಪನಿಯವ್ರ 140 ಹಾಕಿ ಕೊಡ್ತಾರ, ಆಗ ಏನಂತೀ?’ ಅಂದ.

ಆಗ ಏನೂ ಅನ್ನಲ್ಲಪ್ಪಾ, ನಿಧಾನ ಹೋಗು ಅಂದೆ.