ಬಣಂಜುಧರ್ಮವೂ ವರ್ತಕರ ಸಮಾಜಋಣವೂ

2013ರ ಆಗಸ್ಟ್ ತಿಂಗಳಲ್ಲಿ ದೆಹಲಿಯ ಸಂಸತ್ತು ಹೊಸ ಕಂಪನಿ ಕಾಯಿದೆಗೆ ಅಂತಿಮ ಒಪ್ಪಿಗೆಯನ್ನಿತ್ತಿತು. 500 ಕೋಟಿ ರೂಪಾಯಿಗಳ ನಿವ್ವಳ ಸ್ವತ್ತು, 1000 ಕೋಟಿಯ ವಹಿವಾಟು, ಅಥವಾ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಹಿತಕ್ಕಾಗಿ ವೆಚ್ಚಮಾಡಬೇಕೆಂದು ಆ ಕಾಯಿದೆಯ 135ನೆಯ ಕಲಮು ವಿಧಿಸಿತು. 2014ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ವ್ಯಾಪಾರಕ್ಕೂ ಸಮಾಜಕ್ಕೂ ಇರುವ ಈ ಬಾಧ್ಯತೆಯು ಪಶ್ಚಿಮದಿಂದ ಬಂದ ನೂತನ ಭಾವನೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕನ್ನಡ ನಾಡಿನ ಶಾಸನಗಳನ್ನು ಬಲ್ಲವರಿಗೆ ಈ ಅಭಿಪ್ರಾಯವನ್ನು ಒಪ್ಪುವುದು ಕಷ್ಟ.

ಮಲಪ್ರಭೆಯ ದಡದ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆಯ ಐನೂರ್ವರು ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ದಕ್ಷಿಣಾಪಥದ ಅತ್ಯಂತ ಪ್ರಬಲ ವರ್ತಕಸಂಘವಾಗಿದ್ದರು. ಇವರ ವ್ಯಾಪಾರವು ಕಡಲನ್ನು ದಾಟಿತ್ತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನವೊಂದು ಈ ಸಂಘದ್ದೇ ಆಗಿದೆ. ಇವರು ತಮ್ಮನ್ನು ವೀರಬಣಂಜು ಧರ್ಮದ ಪ್ರತಿಪಾಲಕರೆಂದು ಕರೆದುಕೊಂಡರು. ವಾಣಿಜ್ಯವನ್ನೇ ಒಂದು ಧರ್ಮವೆಂದು ಹೆಸರಿಸಿದ ಈ ಮಾತು ಕೇವಲ ಬಿರುದಿನ ಆಡಂಬರವೋ, ಅಥವಾ ಅದಕ್ಕೆ ವ್ಯವಹಾರದಲ್ಲಿ ಅರ್ಥವಿದ್ದಿತೋ ಎಂಬುದೇ ಪ್ರಕೃತ ಲೇಖನದ ವಿಚಾರ.

ಎರಡು ನಿದರ್ಶನಗಳನ್ನು ನೋಡೋಣ. ಗದಗ ಪ್ರಾಂತದ ಡಂಬಳವು ಆಗ ಧರ್ಮಪುರವೆನಿಸಿಕೊಂಡಿದ್ದಿತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರ ಸುಮಾರಿನಲ್ಲಿ, ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ್ದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ ವರ್ತಕನೊಬ್ಬನು ಕಟ್ಟಿಸಿದ್ದ ಆರ್ಯತಾರಾದೇವಿಯ ವಿಹಾರಕ್ಕೂ ದತ್ತಿ ದೊರೆತುದನ್ನು ಶಾಸನವು ತಿಳಿಸುತ್ತದೆ. ಎರಡನೆಯದು ಬೆಳಗಾವಿಯದು. ಅಂದಿನ ವೇಣುಗ್ರಾಮದಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, ಅಂದರೆ 1204ರಲ್ಲಿ, ರಟ್ಟ ಜಿನಾಲಯಕ್ಕೆ ದತ್ತಿ ಬಿಡುವ ಸಂದರ್ಭದಲ್ಲಿ ಕೂಡಿದ ವರ್ತಕರು ಒಂದೇ ಊರಿನವರಲ್ಲ, ಒಂದೇ ನುಡಿಯವರೂ ಅಲ್ಲ. ಊರಿನ ವರ್ತಕರೊಡನೆ ಲಾಳ ದೇಶದ, ಎಂದರೆ ಗುಜರಾತಿನ ಕಡೆಯ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಅಲ್ಲಿದ್ದರು. ಕುದುರೆ, ಭತ್ತ, ಅಡಕೆ, ವೀಳ್ಯದೆಲೆ ಮೊದಲಾದ ಸರಕುಗಳ ಮೇಲೆ ಇಷ್ಟಿಷ್ಟೆಂದು ಆಯವನ್ನು ಅವರು ಗೊತ್ತುಪಡಿಸಿದರು. ಪರಸ್ಥಳದಲ್ಲಿ ಗಳಿಸುವವನು ಆ ಸ್ಥಳಕ್ಕೂ ಸಲ್ಲಿಸಬೇಕಾದುದೊಂದಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾಖಲೆ ವಿರಳ.

ಈ ಆಯದ ಸ್ವರೂಪವನ್ನು ತುಸು ನಿಧಾನಿಸಿ ಪರಿಶೀಲಿಸಬೇಕು. ಮೊದಲನೆಯದಾಗಿ, ಅದು ಲಾಭದ ಮೇಲಲ್ಲ, ಸರಕಿನ ಮೇಲೆ ಬೀಳುತ್ತಿದ್ದಿತು. ಹೇರು ಇಳಿಯಿತೆಂದರೆ ಆಯ ಸಲ್ಲಲೇಬೇಕು. ವರ್ಷದ ಕೊನೆಯಲ್ಲಿ ವರ್ತಕನು ಗೆದ್ದನೋ ಸೋತನೋ ಎಂಬ ಪ್ರಶ್ನೆಯಿಲ್ಲ. ಎರಡನೆಯದಾಗಿ, ವರ್ತಕರು ಸಭೆಯಾಗಿ ಕೂಡಿ ತಮ್ಮ ಮೇಲೆ ತಾವೇ ವಿಧಿಸಿಕೊಂಡ ಕಟ್ಟು ಅದು. ಮೂರನೆಯದಾಗಿ, ಯಾವ ಸರಕಿಗೆ ಎಷ್ಟು, ಯಾರಿಗೆ ಸಲ್ಲತಕ್ಕದ್ದು ಎಂಬುದು ಎಲ್ಲರೂ ಓಡಾಡುವ ಸ್ಥಳದಲ್ಲಿ ಕಲ್ಲಿನ ಮೇಲೆ ನಿಂತಿರುತ್ತಿದ್ದಿತು. ಕೊಡದಿದ್ದವನು ಊರಿಗೆಲ್ಲ ಗೊತ್ತಾಗುತ್ತಿದ್ದನು.

ಹಾಗೆಂದು ಅದೊಂದು ಸತ್ಯಯುಗವೆಂದು ಭಾವಿಸಲಾಗದು. ಶಾಸನವು ಕೊಟ್ಟವನ ಮಾತೇ ಹೊರತು ಪಡೆದವನ ಮಾತಲ್ಲ. ಹೇರು ಹೊತ್ತ ಆಳುಗಳ ಕೂಲಿಯನ್ನು ಕುರಿತು ಈ ದತ್ತಿಗಳು ಮೌನವಾಗಿವೆ. ದತ್ತಿಯ ಬಹುಭಾಗ ದೇವಾಲಯ, ಬಸದಿ, ವಿಹಾರಗಳಿಗೆ ಸಲ್ಲುತ್ತಿದ್ದಿತು. ಸರಕಿನ ಮೇಲಿನ ಆಯವು ಕಟ್ಟಕಡೆಗೆ ಕೊಳ್ಳುವವನ ತಲೆಯ ಮೇಲೆಯೇ ಬಿದ್ದಿರಬಹುದು. ಈ ಮಿತಿಗಳನ್ನು ಮರೆತು ಹೊಗಳುವುದು ಇತಿಹಾಸಕಾರನ ಕೆಲಸವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಭಾವನೆ ಬೇರೊಂದು ರೂಪದಲ್ಲಿ ನಮ್ಮ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಮಂಗಳೂರಿನಲ್ಲಿ ಶಾಲೆಯನ್ನು ಕಟ್ಟಿದ್ದ ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು. ಹಣದ ಸಂಸ್ಥೆಯು ಸಮಾಜದ ಹೃದಯವೂ ಆಗಬೇಕೆಂಬುದು ಅದರ ಸ್ಥಾಪನಾ ತತ್ತ್ವಗಳಲ್ಲಿ ಒಂದು. 1925ರಲ್ಲಿ ಉಡುಪಿಯಲ್ಲಿ ನೇಕಾರರ ನೆರವಿಗೆಂದು ಹುಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಲ್ಲಿಯೂ ಸಮಾಜಸೇವೆ ಲಾಭದ ಬಳಿಕ ಬಂದ ದಾನವಲ್ಲ, ವ್ಯವಹಾರದ ರೀತಿಯೇ ಸೇವೆ. 1969ರ ಜುಲೈ 19ರಂದು ದೆಹಲಿಯ ಆಜ್ಞೆಯಿಂದ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಇವೆರಡೂ ಸೇರಿದ್ದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ದೆಹಲಿಯಲ್ಲಿ ಈ ಪ್ರಶ್ನೆಯ ಚರ್ಚೆ 2013ಕ್ಕಿಂತ ಬಹು ಹಿಂದಿನದು. 1965ರಲ್ಲಿಯೇ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ, ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ, ವ್ಯಾಪಾರದ ಸಾಮಾಜಿಕ ಹೊಣೆಯನ್ನು ಕುರಿತು ವಿಚಾರಗೋಷ್ಠಿ ನಡೆಯಿತು. ವರ್ತಕನು ಬಂಡವಾಳ ಹೂಡಿದವನಿಗೆ ಮಾತ್ರವಲ್ಲ, ಕೆಲಸಗಾರನಿಗೆ, ಗಿರಾಕಿಗೆ, ಸುತ್ತಣ ಸಮಾಜಕ್ಕೆ ಹೊಣೆಯೆಂಬುದು ಅಲ್ಲಿ ಮಂಡಿತವಾದ ನಿಲುವು. ಆ ನಿಲುವಿನೊಡನೆ ಹೋಲಿಸಿದರೆ 2013ರ ಕಾಯಿದೆ ಬಲದಲ್ಲಿ ಹಿರಿದು, ವ್ಯಾಪ್ತಿಯಲ್ಲಿ ಕಿರಿದು. ಅದು ವೆಚ್ಚವನ್ನು ಕೇಳುತ್ತದೆ. ಲಾಭವು ಹೇಗೆ ಬಂದಿತೆಂಬುದನ್ನು ಆ ಕಲಮು ಕೇಳುವುದಿಲ್ಲ. ಕೆಲಸಗಾರನ ಕೂಲಿಯಲ್ಲಿ ಕಡಿತ ಮಾಡಿ ಉಳಿಸಿದ ಹಣದಿಂದಲೂ ಶಾಲೆಯ ಗೋಡೆಗೆ ಬಣ್ಣ ಬಳಿಸಬಹುದು. ಕಾರ್ಯಸ್ಥಳದ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತು ಅದರಲ್ಲಿರುವುದು ನಿಜ. ಅಷ್ಟರಮಟ್ಟಿಗೆ ವೇಣುಗ್ರಾಮದ ನೆರಳು ಅದರ ಮೇಲೆ ಬಿದ್ದಿದೆ ಎನ್ನಬಹುದು.

ನೊಯಿಡಾ, ಗುರುಗ್ರಾಮಗಳ ಕಂಪನಿಗಳಲ್ಲಿಯೂ ರಾಜಧಾನಿಯ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಾವು ಒಂದರ್ಥದಲ್ಲಿ ಬೆಳಗಾವಿಗೆ ಬಂದ ಲಾಳರಂತೆ, ಮಲೆಯಾಳರಂತೆ ಪರಸ್ಥಳದವರು. ಲೆಕ್ಕಪತ್ರದ ಕೊನೆಯ ಸಾಲಿನಲ್ಲಿ ಉಳಿದುದನ್ನು ಕೊಡುವುದು ಒಂದು. ಹೇರು ಇಳಿಸುವ ಮುನ್ನವೇ ಸಲ್ಲತಕ್ಕದ್ದನ್ನು ಗೊತ್ತುಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ದಾನ, ಎರಡನೆಯದು ಋಣ. ಬಣಂಜುಧರ್ಮವೆಂಬ ಮಾತಿಗೆ ನಮ್ಮ ಹಿರಿಯರು ಕೊಟ್ಟ ಅರ್ಥ ಈ ಎರಡನೆಯದೆಂದು ನನ್ನ ತಿಳಿವಳಿಕೆ.