ಅರಸ, ಗುರು ಮತ್ತು ಸ್ವಂತ ಬುದ್ಧಿ

ಹಳೇಬೀಡನ್ನು ನೋಡಿ ಬಂದವರು ಹೊಯ್ಸಳರ ಮತಸಹಿಷ್ಣುತೆಯನ್ನು ಕೊಂಡಾಡುವುದು ವಾಡಿಕೆ. ಅದಕ್ಕೆ ಆಧಾರವೂ ಉಂಟು. 1121ರ ಸುಮಾರಿಗೆ ಕೇತಮಲ್ಲನೆಂಬ ಅಧಿಕಾರಿಯ ಮುತುವರ್ಜಿಯಿಂದ ಅಲ್ಲಿ ಹೊಯ್ಸಳೇಶ್ವರ ದೇಗುಲವೆದ್ದಿತು. ಅದೇ ಊರಿನಲ್ಲಿ 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಆದರೆ ಸಹಿಷ್ಣುತೆ ಬೇರೆ, ವಿಚಾರಸ್ವಾತಂತ್ರ್ಯ ಬೇರೆ. ಮೊದಲನೆಯದನ್ನು ಅರಸನು ಕೊಡಬಲ್ಲ. ಎರಡನೆಯದನ್ನು ಮನುಷ್ಯನು ತಾನೇ ಗಳಿಸಿಕೊಳ್ಳಬೇಕು.

ಪ್ರಷ್ಯದ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟನು 1784ರಲ್ಲಿ ಬರ್ಲಿನ್ನಿನ ಮಾಸಪತ್ರಿಕೆಯೊಂದರಲ್ಲಿ ಜ್ಞಾನೋದಯವೆಂದರೇನು ಎಂಬ ಪ್ರಶ್ನೆಗೆ ಉತ್ತರ ಬರೆದನು. ಅದರ ತಿರುಳು ಇಷ್ಟೆ: ಪ್ರಾಯಕ್ಕೆ ಬಂದ ಮನುಷ್ಯನು ಧೈರ್ಯ ಸಾಲದೆ ತನ್ನ ಬುದ್ಧಿಯನ್ನು ಪರರ ವಶಕ್ಕೊಪ್ಪಿಸಿ ಬಾಲಕನಾಗಿಯೇ ಉಳಿಯುತ್ತಾನೆ, ಆ ಬಾಲ್ಯವನ್ನು ದಾಟುವುದೇ ಜ್ಞಾನೋದಯ. ಗ್ರಂಥ, ಧರ್ಮಗುರು, ವೈದ್ಯ, ಇವರೆಲ್ಲ ನಮಗೆ ಬದಲಾಗಿ ಯೋಚಿಸುವ ಪೋಷಕರು.

ಈ ಮಾತನ್ನು ಒರೆಗೆ ಹಚ್ಚಲು ನಾವು ದೂರ ಹೋಗಬೇಕಾಗಿಲ್ಲ. ಹಳೇಬೀಡು ದೋರಸಮುದ್ರವಾಗಿದ್ದ ಕಾಲದಲ್ಲಿ ಕವಿ ಹರಿಹರನು ಹೊಯ್ಸಳ ನರಸಿಂಹನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಲೆಕ್ಕಪತ್ರವನ್ನು ಅರಸನಿಗೆ ಒಪ್ಪಿಸಿ ಅವನು ಹಂಪೆಗೆ ನಡೆದನು. ನರರನ್ನು ಹೊಗಳಲೊಲ್ಲೆ, ಶಿವನನ್ನೂ ಶಿವಶರಣರನ್ನೂ ಮಾತ್ರ ಹಾಡುವೆನೆಂಬುದು ಅವನ ಛಲ. ಅರಮನೆಯ ಹಂಗು ಹರಿದ ದಿಟ್ಟತನವಿದು.

ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರ ಕಾವ್ಯ’ವನ್ನು ಬರೆದಾಗ ಕಥೆ ತಿರುಗಿತು. ನರನೊಬ್ಬನನ್ನು ಹಾಡಿದನೆಂದು ಕೆರಳಿದ ಗುರು ಶಿಷ್ಯನ ಹಲ್ಲು ಉದುರುವಂತೆ ಹೊಡೆದನಂತೆ. ಶಿಷ್ಯನು ಶೈವಕಾವ್ಯಗಳನ್ನು ರಚಿಸಿ ಹಲ್ಲುಗಳನ್ನು ಮರಳಿ ಪಡೆದನಂತೆ. ಇದು ಐತಿಹ್ಯ, ಇತಿಹಾಸವಲ್ಲ. ಆದರೂ ನಮ್ಮ ಜನ ಇದನ್ನು ನೆನಪಿನಲ್ಲಿ ಉಳಿಸಿಕೊಂಡದ್ದು ಸುಮ್ಮನೆ ಅಲ್ಲ. ಅರಸನಿಂದ ಬಿಡುಗಡೆ ಪಡೆದವನೇ ಶಿಷ್ಯನಿಗೆ ಅರಸನಾದನು! ಕಾಲದ ತೀರ್ಪಾದರೋ ಬೇರೆ: ನಾಡು ರಾಘವಾಂಕನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೆನೆಯುವುದು ಗುರುವಿಗೆ ಒಪ್ಪಿಗೆಯಾಗದ ಆ ಕಾವ್ಯಕ್ಕಾಗಿಯೇ.

ಹರಿಹರನು ಕಾಂಟನಂತೆ ವಿಚಾರವಾದಿಯಲ್ಲ. ಅವನದು ಭಕ್ತಿಯ ಸ್ವಾತಂತ್ರ್ಯ. ಕಾಂಟನ ಸ್ವಾತಂತ್ರ್ಯವೂ ಅಭೇದ್ಯವಾಗಿರಲಿಲ್ಲ. 1794ರಲ್ಲಿ ದೊರೆಯ ಆಕ್ಷೇಪ ಬಂದಾಗ ಅವನು ಮತವಿಚಾರದಲ್ಲಿ ಮೌನ ತಾಳಿದನು. 1797ರಲ್ಲಿ ದೊರೆ ತೀರಿಕೊಂಡ ಬಳಿಕವೇ ಮತ್ತೆ ಬರೆದನು.

ಬಹುಕಾಲ ಪಾಠ ಹೇಳಿದ ನನಗೆ ಈ ಎರಡರಲ್ಲಿ ರಾಘವಾಂಕನ ಸಂಕಟವೇ ಹೆಚ್ಚು ತಟ್ಟುತ್ತದೆ. ಅರಸನನ್ನು ತೊರೆದು ಹೋಗಲು ದಾರಿಯುಂಟು. ಪ್ರೀತಿಸಿದ ಗುರುವಿನ ಮುಂದೆ ಭಿನ್ನಾಭಿಪ್ರಾಯ ನುಡಿಯುವುದು ಕಠಿಣ. ಅದನ್ನು ಶಿಷ್ಯನಿಗೆ ಸುಲಭಮಾಡಿಕೊಡುವುದೇ ಗುರುವಿನ ಮೊದಲ ಕರ್ತವ್ಯ.