ಗಣಿಯ ಕತ್ತಲಲ್ಲಿ ಸಮ ಕೂಲಿ

ನಮ್ಮ ಹಳ್ಳಿಗಳಲ್ಲಿ ಕೂಲಿಯಲ್ಲೂ ಗಂಡು ಹೆಣ್ಣು ಅಂತ ಇದೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ನಾಟಿ ಹಾಕಿ, ಕಳೆ ಕಿತ್ತು ಸೊಂಟ ಬಿದ್ದುಹೋದರೂ ನಮ್ಮ ಅವ್ವಂದಿರ ಕೈಗೆ ಬರೋದು ಕಡಿಮೆ ಕೂಲಿಯೇ. ಕೇಳಿದರೆ ‘ಮೊದಲಿಂದ ನಡಕೊಂಡು ಬಂದದ್ದು’ ಅಂತಾರೆ. ಈ ‘ಮೊದಲಿಂದ’ವನ್ನು ಮುರಿದ ಒಂದು ಸಂಗತಿ ಚರಿತ್ರೆಯಲ್ಲಿದೆ. ಶಾಲೆಯ ಪುಸ್ತಕದಲ್ಲಿ ನಾವದನ್ನು ಓದಲಿಲ್ಲ.

ಝರಿಯಾ, ರಾಣಿಗಂಜ್‌ನ ಕಲ್ಲಿದ್ದಲು ಗಣಿಗಳಿಗೆ ಸಂತಾಲರು, ಬೌರಿಗಳು ಸಂಸಾರ ಸಮೇತ ಇಳಿಯುತ್ತಿದ್ದರು. ಗಂಡ ಕಡಿದ ಕಲ್ಲಿದ್ದಲನ್ನು ಹೆಂಡತಿ ಬುಟ್ಟಿಯಲ್ಲಿ ಹೊತ್ತು ತುಂಬಬೇಕು. 1929ರಲ್ಲಿ ಸರ್ಕಾರ ನಿಯಮ ಮಾಡಿ, ಹೆಂಗಸರನ್ನು ನೆಲದಡಿಯ ಕೆಲಸದಿಂದ ಹಂತ ಹಂತವಾಗಿ ಬಿಡಿಸಿ, 1937ರಲ್ಲಿ ಪೂರ್ತಿ ನಿಲ್ಲಿಸಿತು. ಸರಿಯೇ, ಆ ಕತ್ತಲು ಮನುಷ್ಯರು ಇರುವ ಜಾಗವಲ್ಲ. ಆದರೆ ಸಂಸಾರದ ಎರಡು ಕೂಲಿಯಲ್ಲಿ ಒಂದು ಹೋಯಿತಲ್ಲ!

ಯುದ್ಧ ಬಂತು. ಕಲ್ಲಿದ್ದಲು ಸಾಲದಾಯಿತು. ಗಂಡಾಳುಗಳು ಹೆಚ್ಚು ಕೂಲಿಯ ಮಿಲಿಟರಿ ಕಾಮಗಾರಿಗಳಿಗೆ ಹೋದರು. 1943ರಲ್ಲಿ ನಿಷೇಧ ಎತ್ತಿದರು. ಆಗ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಲಿತ್ತು. ಅಖಿಲ ಭಾರತ ಮಹಿಳಾ ಸಮ್ಮೇಳನ ಪ್ರತಿಭಟಿಸಿತು. ಬಾಬಾಸಾಹೇಬರು ಡಿಸೆಂಬರಿನಲ್ಲಿ ಧನಬಾದಿಗೆ ಹೋಗಿ ಗಣಿಯೊಳಗೇ ಇಳಿದು ನೋಡಿದರು. 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಚರ್ಚೆ. ಇದು ತಾತ್ಕಾಲಿಕ ಅಂದ ಬಾಬಾಸಾಹೇಬರು ಇನ್ನೊಂದು ಮಾತು ಹೇಳಿದರು: ಉದ್ಯಮವೊಂದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮ ಕೆಲಸಕ್ಕೆ ಸಮ ಕೂಲಿ ಎಂಬ ತತ್ವ ನೆಲೆಗೊಂಡದ್ದು ಇದೇ ಮೊದಲು.

ಬಾಬಾಸಾಹೇಬರ ಮೇಲಿನ ಪ್ರೀತಿಗೆ ನಾವು ಕಣ್ಣು ಮುಚ್ಚಿಕೊಳ್ಳುವುದು ಬೇಡ. ಸಮ ಕೂಲಿ ಬಂದದ್ದು ಸಾವಿನ ಬಾಯಿಯಂಥ ಕೆಲಸದ ಜೊತೆಗೆ. ಸರ್ಕಾರಕ್ಕೆ ಬೇಕಿದ್ದದ್ದು ಕಲ್ಲಿದ್ದಲು. ಆದರೂ ಹೆಣ್ಣಾಳಿನ ದುಡಿಮೆ ಗಂಡಾಳಿನಷ್ಟೇ ತೂಗುತ್ತೆ ಅನ್ನೋದು ಸರ್ಕಾರದ ಬಾಯಿಂದಲೇ ಬಂತು. ಆಮೇಲೆ ಅದನ್ನು ನುಂಗಿಕೊಳ್ಳೋದು ಸುಲಭವಲ್ಲ. ನೋವಿನ ಸಂಗತಿ ಬೇರೆಯೇ ಇದೆ. ಆ ಸಭೆಯಲ್ಲಿ ಪರವಾಗಿ, ವಿರೋಧವಾಗಿ ಮಾತಾಡಿದವರಲ್ಲಿ ಬುಟ್ಟಿ ಹೊತ್ತವಳು ಒಬ್ಬಳೂ ಇರಲಿಲ್ಲ.

1946ರ ಫೆಬ್ರವರಿಯಲ್ಲಿ ನಿಷೇಧ ಮರಳಿತು. ಸಂವಿಧಾನದ 39ನೇ ವಿಧಿಯಲ್ಲಿ ಸಮ ವೇತನದ ಮಾತು ಸೇರಿತು. ಆದರೆ ಅದು ನಿರ್ದೇಶಕ ತತ್ವ, ಅದನ್ನೇ ಹಿಡಿದು ಕೋರ್ಟಿನಲ್ಲಿ ವಸೂಲು ಮಾಡುವ ಹಾಗಿಲ್ಲ. ಸಮಾನ ವೇತನದ ಕಾಯ್ದೆ ಆಗಲು 1976ರವರೆಗೆ ಕಾಯಬೇಕಾಯಿತು. ನೆಲದಡಿಗೆ ಹೆಂಗಸರು ಮತ್ತೆ ಇಳಿಯಬಹುದು ಅಂತ ಸರ್ಕಾರ ಹೇಳಿದ್ದು 2019ರಲ್ಲಿ. ಅದೂ ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಿಗೆ. ಆ ಹುದ್ದೆಗೆ ಓದು ಬೇಕು. ಝರಿಯಾದಲ್ಲಿ ಬುಟ್ಟಿ ಹೊತ್ತವಳ ಮೊಮ್ಮಗಳು ಅಲ್ಲಿಗೆ ತಲುಪಿದ್ದಾಳೋ ಇಲ್ಲವೋ, ಗಣಿಗಳ ಹಾಜರಿ ಪುಸ್ತಕ ತೆಗೆಸಿ ನೋಡೋಣ.